ಅರ್ಧ ದಿನ ದುಡಿದರೂ ಹಾಜರಿ ಹಾಜರಿಯೇ

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ದಿನಕ್ಕೆ 8 ತಾಸು ದುಡಿಯುತ್ತೇನೆ, ಪಗಾರ 16,000 ರೂಪಾಯಿ. ಕೂಸಿನ ಸಲುವಾಗಿ 5 ತಾಸಿಗೆ ಇಳಿಸಿಕೊಳ್ಳಬೇಕೆಂದಿದ್ದೇನೆ. ರಾಜೀನಾಮೆ ಕೊಟ್ಟು ಹೊಸದಾಗಿ 8,500ಕ್ಕೆ ಸೇರಿ, ಇಎಸ್‌ಐ–ಪಿಎಫ್ ಇರುವುದಿಲ್ಲ ಎನ್ನುತ್ತಾರೆ ಮಾಲೀಕರು. ಒಪ್ಪಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ರಾಜೀನಾಮೆ ಮಾತ್ರ ಬರೆದುಕೊಡಬೇಡಿ. ಕೊಟ್ಟರೆ ಹಳೆಯ ಸೇವೆ ಅಲ್ಲಿಗೇ ಕಡಿಯುತ್ತದೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಿಗೆ, ಬೇಕಾದ 5 ವರ್ಷ ಮತ್ತೆ ಮೊದಲಿನಿಂದ ಎಣಿಸಬೇಕು. ‘ಇಂಥ ತಾರೀಖಿನಿಂದ ಕೆಲಸದ ವೇಳೆ 10ರಿಂದ 3’ ಎಂದು ಬರೆಸಿ ಮಾಲೀಕರ ಸಹಿ ಪಡೆಯಿರಿ, ಸಾಕು.

ಪಗಾರದ ಲೆಕ್ಕವೂ ತಪ್ಪಿದೆ. ಈಗ 26 ದಿನಕ್ಕೆ 208 ತಾಸು, ತಾಸಿಗೆ ಸುಮಾರು 77 ರೂಪಾಯಿ. ಅದೇ ದರದಲ್ಲಿ 130 ತಾಸಿಗೆ 10,000 ಬರಬೇಕು. 8,500 ಎಂದರೆ ತಾಸಿನ ದರವೇ 65ಕ್ಕೆ ಇಳಿದಂತೆ.

ನೌಕರರ ವಿಮೆಯಾದ ಇಎಸ್‌ಐಗೆ ತಾಸಿನ ಮಿತಿಯಿಲ್ಲ, ತಿಂಗಳ ಪಗಾರ 21,000 ದಾಟಬಾರದು ಅಷ್ಟೆ. 10,000ಕ್ಕೆ ನಿಮ್ಮ ಪಾಲು ಶೇ 0.75ರಂತೆ 75 ರೂಪಾಯಿ, ಮಾಲೀಕರದು ಶೇ 3.25ರಂತೆ 325. ಪಿಎಫ್‌ಗೂ ತಾಸಿನ ಕಟ್ಟಿಲ್ಲ. ಅದರಲ್ಲಿ ಅವರ ಪಾಲು 1,200. ಅವರು ಉಳಿಸಲು ನೋಡುತ್ತಿರುವುದು ಇದನ್ನೇ.

ನಿಜವಾದ ಎಡವಟ್ಟು ಹಾಜರಿ ಪುಸ್ತಕದ್ದು. ಎರಡು ಅರ್ಧ ದಿನ ಕೂಡಿಸಿ ಒಂದು ಹಾಜರಿ ಹಾಕಿದರೆ ತಿಂಗಳ 26 ದಿನ 13 ಆಗುತ್ತದೆ, ಆರು ತಿಂಗಳಿಗೆ 78. ಇಎಸ್‌ಐನ ಕಾಯಿಲೆ ಭತ್ಯೆಗೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ ಬೇಕಾದದ್ದೂ ಸರಿಯಾಗಿ 78 ದಿನ. ಪಗಾರವಿಲ್ಲದ ಎರಡು ರಜೆ ಬಿದ್ದರೆ ಭತ್ಯೆ ಹೋಯಿತು. ಬಂದ ದಿನಕ್ಕೆಲ್ಲ ಬೇರೆಬೇರೆ ಹಾಜರಿ ಹಾಕಿಸಿ. ತಾಸು ಪಕ್ಕದ ಅಂಕಣದಲ್ಲಿರಲಿ.

ಪ್ರಶ್ನೆ: ಹೆಂಗಸರ ದುಡಿಮೆ ಹೆಚ್ಚಿದೆ ಎಂದು ಓದುತ್ತೇವೆ. ನಾವು ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇವೆ. ಉಳಿದಂತೆ ಮನೆಯ ಹೊಲ, ಎಮ್ಮೆ. ನಾವು ಆ ಲೆಕ್ಕದಲ್ಲಿದ್ದೇವೆಯೇ?
– ಓದುಗರು, ಬ್ಯಾಡಗಿ

ಉತ್ತರ: ‘ಮನಿಗೆಲಸ’ ಎಂದಷ್ಟೇ ಹೇಳಿ ಕಳಿಸದಿದ್ದರೆ ಇದ್ದೀರಿ. ಕೇಂದ್ರದ ಕಾರ್ಮಿಕ ಸಮೀಕ್ಷೆಯಲ್ಲಿ 15 ತುಂಬಿದ ಹೆಂಗಸರ ಪೈಕಿ ದುಡಿಯುವ, ಕೆಲಸ ಹುಡುಕುವವರು 2017–18ರಲ್ಲಿ ಶೇ 23.3 ಇದ್ದರು, 2023–24ರಲ್ಲಿ ಶೇ 41.7. ಗಂಡಸರು ಶೇ 75.8ರಿಂದ 78.8. ಆದರೆ ಹೆಂಗಸರ ಹೆಚ್ಚಳದ ದೊಡ್ಡ ಪಾಲು ಸ್ವಂತ ದುಡಿಮೆ ಮತ್ತು ಮನೆಯ ಹೊಲ, ಕಸುಬಿಗೆ ಪಗಾರವಿಲ್ಲದೆ ಕೈ ಹಚ್ಚುವವರದು. ನೌಕರಿ ಹೆಚ್ಚಿತೆಂದು ಅದನ್ನು ಓದಬಾರದು.

ಆ ಸಮೀಕ್ಷೆಯ ವಾರದ ಲೆಕ್ಕಕ್ಕೆ 7 ದಿನದಲ್ಲಿ ಒಂದು ತಾಸು ದುಡಿದರೂ ಸಾಕು. ಜನಗಣತಿಯ ಅಳತೆ ಬೇರೆ: 2011ರಲ್ಲಿ ವರ್ಷಕ್ಕೆ ಆರು ತಿಂಗಳು ದುಡಿದವರು ಮಾತ್ರ ಮುಖ್ಯ ಕೆಲಸಗಾರರು. ಮನೆ ಬಳಕೆಗೇ ಹಾಲು ಕರೆದರೂ ಅದರಲ್ಲಿ ದುಡಿಮೆಯೇ. ಗಣತಿಯವರು ಬಂದಾಗ ತೊಟ್ಟು ಬಿಡಿಸಿದ ದಿನಕ್ಕೆ ಬಿತ್ತಿದ, ಕಳೆ ತೆಗೆದ, ಎಮ್ಮೆ ನೋಡಿಕೊಂಡ ದಿನಗಳನ್ನೂ ಕೂಡಿಸಿ ಹೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಪಿಎಫ್ ಇದೆ. ಸಂಜೆ ಎರಡು ತಾಸು ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಅದಕ್ಕೆ ಇ–ಶ್ರಮ್ ಕಾರ್ಡ್ ಸಿಗುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಇಲ್ಲ, ಅದು ಅಸಂಘಟಿತ ಕಾರ್ಮಿಕರ ನೋಂದಣಿ ಕಾರ್ಡ್, ಪಿಎಫ್ ಸದಸ್ಯರಿಗೆ ಬರುವುದಿಲ್ಲ. ಬೇರೆಡೆ ದುಡಿಯಬಾರದೆಂಬ ಷರತ್ತು ಕಾರ್ಖಾನೆಯ ನೇಮಕಾತಿ ಪತ್ರದಲ್ಲಿದೆಯೇ, ಅದನ್ನು ಮೊದಲು ಓದಿ ನೋಡಲಿ.