ಓದುಗರ ಪ್ರಶ್ನೆ: ಮೊಣಕಾಲಿನ ನಕ್ಷೆಯಲ್ಲಿ ಸೂಜಿಮೊನೆ

ಪ್ರಶ್ನೆ: ಮಾನ್ಯರೇ, ನಾನು ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ 12 ಮಂದಿಯ ನಡಿಗೆಯನ್ನು ಮೋಷನ್ ಕ್ಯಾಪ್ಚರ್ ಲ್ಯಾಬ್‌ನಲ್ಲಿ (ದೇಹದ ಚಲನೆಯನ್ನು ಹಲವು ಕ್ಯಾಮೆರಾಗಳಿಂದ ಅಳೆಯುವ ಲ್ಯಾಬ್) ದಾಖಲಿಸಿದ್ದೇನೆ. ಲ್ಯಾಬ್‌ನವರು ಪೆನ್‌ಡ್ರೈವ್‌ನಲ್ಲಿ ಕೊಟ್ಟ ಸಿ3ಡಿ ಫೈಲುಗಳನ್ನು ಎಕ್ಸೆಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳಷ್ಟೇ ಕಾಣುತ್ತವೆ. ಅಲ್ಲಿನ ಸಾಫ್ಟ್‌ವೇರ್ ಕೊಳ್ಳುವ ಶಕ್ತಿ ನನಗಿಲ್ಲ. ಅವರು ಮುದ್ರಿಸಿ ಕೊಟ್ಟ ನಕ್ಷೆಯೊಂದರಲ್ಲಿ ಮೊಣಕಾಲಿನ ಕೋನ ಒಂದೆಡೆ ಸೂಜಿಮೊನೆಯಂತೆ ಏರಿಳಿದಿದೆ. ಇದು ರೋಗಲಕ್ಷಣವೇ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಎಕ್ಸೆಲ್ ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಸಿ3ಡಿ ಪಠ್ಯದ ಫೈಲಲ್ಲ, ಬೈನರಿ ಫೈಲು. 1980ರ ದಶಕದಲ್ಲಿ ಆಂಡ್ರ್ಯೂ ಡೈನಿಸ್ ರೂಪಿಸಿದ ಈ ಮಾದರಿಯಲ್ಲಿ ಮಾರ್ಕರುಗಳ (ಮೈಮೇಲೆ ಅಂಟಿಸುವ, ಬೆಳಕನ್ನು ಹಿಂದಿರುಗಿಸುವ ಗುರುತುಗಳ) ಮೂರು ಆಯಾಮದ ಸ್ಥಾನ, ಫೋರ್ಸ್ ಪ್ಲೇಟ್ (ಪಾದ ನೆಲವನ್ನು ಒತ್ತುವ ಬಲ ಅಳೆಯುವ ಹಲಗೆ) ಅಳೆದ ಬಲ, ಸ್ನಾಯುಗಳ ವಿದ್ಯುತ್ ಸಂಕೇತ ಇವೆಲ್ಲ ಒಂದೇ ಫೈಲಿನಲ್ಲಿ ಕುಳಿತಿರುತ್ತವೆ. ಅದನ್ನು ತೆರೆದು ನೋಡಲು ಮೊಕ್ಕಾ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಚುಕ್ಕೆಗಳ ರೂಪದಲ್ಲಿ ನಡೆಯುವ ಮನುಷ್ಯನನ್ನು ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡಬಹುದು, ಬೇಕಾದ ಮಾರ್ಕರಿನ ನಕ್ಷೆಯನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇಝಡ್‌ಸಿ3ಡಿ ಎಂಬ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಇದೆ. ಸ್ಟ್ಯಾನ್‌ಫರ್ಡ್‌ನ ಓಪನ್‌ಸಿಮ್ ಕೂಡ ಉಚಿತವೇ. ಆದರೆ ಅದು ಅಸ್ಥಿಪಂಜರ ಮತ್ತು ಸ್ನಾಯುಗಳ ಮಾದರಿ ಕಟ್ಟುವ ದೊಡ್ಡ ಕೆಲಸಕ್ಕಾಗಿ ಇರುವಂಥದ್ದು, ಫೈಲಿನಲ್ಲಿ ಏನಿದೆ ಎಂದು ನೋಡುವುದಕ್ಕೇ ಅದನ್ನು ಹಿಡಿದು ಕೂರಬೇಡಿ.

ಇನ್ನು ಆ ಸೂಜಿಮೊನೆ. ನನ್ನ ಮಟ್ಟಿಗೆ ಅದು ರೋಗಿಯದಲ್ಲ, ಮಾರ್ಕರಿನದು. ಕ್ಯಾಮೆರಾಕ್ಕೆ ಮೊಣಕಾಲು ಎಂದರೇನೆಂದು ತಿಳಿಯದು. ಬೆಳಕನ್ನು ಹಿಂದಿರುಗಿಸುವ ಬಿಳಿ ಚುಕ್ಕೆಯಷ್ಟೇ ಅದಕ್ಕೆ ಗೊತ್ತು, ಮತ್ತು ಆ ಚುಕ್ಕೆ ಕನಿಷ್ಠ ಎರಡು ಕ್ಯಾಮೆರಾಗಳಿಗೆ ಕಂಡರೆ ಮಾತ್ರ ಅದರ ಸ್ಥಾನ ಲೆಕ್ಕಕ್ಕೆ ಸಿಗುತ್ತದೆ. ನಡೆಯುವಾಗ ಬೀಸುವ ಕೈ ಸೊಂಟದ ಮಾರ್ಕರನ್ನು ಮರೆಮಾಡಿದರೆ ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ. ತೊಡೆಯ ಮಾರ್ಕರೂ ಮೊಣಕಾಲಿನ ಮಾರ್ಕರೂ ಸಾಫ್ಟ್‌ವೇರ್‌ನಲ್ಲಿ ಒಂದು ಗಳಿಗೆ ಹೆಸರು ಅದಲುಬದಲು ಮಾಡಿಕೊಂಡರೆ ಇಂಥ ಮೊನೆಯೇ ಮೂಡುತ್ತದೆ. ಸೆಕೆಂಡಿಗೆ 100 ಫ್ರೇಮುಗಳಲ್ಲಿ ದಾಖಲಾಗಿದ್ದರೆ ಒಂದು ಫ್ರೇಮಿನ ಅವಧಿ 0.01 ಸೆಕೆಂಡು. ಕಾಲು ಮುಂದಕ್ಕೆ ಬೀಸುವಾಗ ಮೊಣಕಾಲು ಸುಮಾರು 60 ಡಿಗ್ರಿ ಮಡಚುವುದು ನಿಜವಾದರೂ ಅದಕ್ಕೆ ಹತ್ತಾರು ಫ್ರೇಮುಗಳು ಹಿಡಿಯುತ್ತವೆ. ಒಂದೇ ಫ್ರೇಮಿನಲ್ಲಿ 20 ಡಿಗ್ರಿ ಹಾರುವ ಮೊಣಕಾಲು ಯಾರಿಗೂ ಇಲ್ಲ. ಆದ್ದರಿಂದ ಮೊನೆ ಇರುವ ಫ್ರೇಮಿಗೆ ಹೋಗಿ, ಹಿಂದಿನ ಹಾಗೂ ಮುಂದಿನ ಒಂದೊಂದು ಫ್ರೇಮನ್ನು ಕೈಯಿಂದಲೇ ಸರಿಸಿ ನೋಡಿರಿ. ಚುಕ್ಕೆ ಒಮ್ಮೆಲೇ ಜಿಗಿದು ಮರಳಿದರೆ ಉತ್ತರ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಕ್ಷೆ ಚೆಂದವಾಗಿ ಕಾಣಲೆಂದು ಮೊದಲೇ ಫಿಲ್ಟರ್ (ವೇಗದ ಏರಿಳಿತಗಳನ್ನು ತಗ್ಗಿಸಿ ಗೆರೆಯನ್ನು ನಯಗೊಳಿಸುವ ಲೆಕ್ಕ) ಹಾಕುವ ಅಭ್ಯಾಸ ಹಲವರಲ್ಲಿದೆ. ನಡಿಗೆಗೆ 6 ಹರ್ಟ್ಜ್ (ಸೆಕೆಂಡಿಗೆ 6 ಏರಿಳಿತ) ಆಸುಪಾಸಿನ ಬಟರ್‌ವರ್ತ್ ಎಂಬ ಬಗೆಯ ಫಿಲ್ಟರ್ ಬಳಸುವುದು ವಾಡಿಕೆಯೇ ಸರಿ, ಆದರೆ ಅದು ಮೊನೆಯನ್ನು ಅಳಿಸುವುದಿಲ್ಲ, ಅಕ್ಕಪಕ್ಕದ ಫ್ರೇಮುಗಳಿಗೂ ಹರಡಿ ಸಣ್ಣ ದಿಬ್ಬವಾಗಿ ಮಾಡಿಬಿಡುತ್ತದೆ. ಆಮೇಲೆ ಆ ದಿಬ್ಬಕ್ಕೆ ವೈದ್ಯಕೀಯ ಕಾರಣ ಹುಡುಕುತ್ತ ಕೂರಬೇಕಾದೀತು! ಮೊದಲು ಮಾರ್ಕರಿನ ಹೆಸರು ಸರಿಪಡಿಸಿ, ಅನಂತರ ಖಾಲಿ ಜಾಗ ತುಂಬಿಸಿ, ಕೊನೆಗೆ ಫಿಲ್ಟರ್ ಹಾಕಿರಿ. ಫೋರ್ಸ್ ಪ್ಲೇಟನ್ನೂ ಪರೀಕ್ಷಿಸಿಕೊಳ್ಳಿ: 60 ಕಿಲೋ ತೂಕದವರು ಅದರ ಮೇಲೆ ಸುಮ್ಮನೆ ನಿಂತಾಗ ಸುಮಾರು 590 ನ್ಯೂಟನ್ ತೋರಿಸಬೇಕು.

ಪ್ರಶ್ನೆ: ಕಂಠೀರವ ಕ್ರೀಡಾಂಗಣದಲ್ಲಿ ಹುಡುಗರಿಗೆ ಓಟ ಕಲಿಸುತ್ತೇನೆ. ಲ್ಯಾಬ್ ಇಲ್ಲದೆ, ಫೋನಿನ ವಿಡಿಯೊದಿಂದ ಏನಾದರೂ ಅಳೆಯಬಹುದೇ?
— ತರಬೇತುದಾರರೊಬ್ಬರು, ಬೆಂಗಳೂರು

ಉತ್ತರ: ಅಳೆಯಬಹುದು, ಮಿತಿಯೊಳಗೆ. ಕಿನೋವಿಯ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಡಿಯೊ ಮೇಲೆಯೇ ಕೋನ, ದೂರ, ಸಮಯ ಗುರುತಿಸಬಹುದು. ವೇಗದ ಓಟಗಾರನ ಪಾದ ನೆಲಕ್ಕೆ ತಾಗಿರುವುದು ಸುಮಾರು 0.1 ಸೆಕೆಂಡು ಮಾತ್ರ. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಅದು ಮೂರೇ ಫ್ರೇಮು, 240ರಲ್ಲಿ 24 ಫ್ರೇಮು. ಹಾಗಾಗಿ ಫೋನಿನ ಸ್ಲೋ ಮೋಷನ್ ಬಳಸಿರಿ. ಕಾಲು ಒಳಕ್ಕೋ ಹೊರಕ್ಕೋ ತಿರುಚುವುದು ಒಂದೇ ಕ್ಯಾಮೆರಾದಲ್ಲಿ ಅಳತೆಗೆ ಸಿಗದು. ಫೋನನ್ನು ಟ್ರೈಪಾಡ್ ಮೇಲೆ ಲೇನಿಗೆ ಲಂಬವಾಗಿ ನಿಲ್ಲಿಸಿ, ಅಳತೆಯ ಆಧಾರಕ್ಕೆ ಇಡುವ ಒಂದು ಮೀಟರಿನ ಕೋಲನ್ನು ಹುಡುಗ ಓಡುವ ಲೇನಿನಲ್ಲೇ ಇಟ್ಟು ಚಿತ್ರಿಸಿಕೊಳ್ಳಿ. ಪಕ್ಕದ ಲೇನಿನಲ್ಲಿಟ್ಟರೆ ಹೆಜ್ಜೆಯ ಉದ್ದ ತಪ್ಪಿ ಬರುತ್ತದೆ.