ಆಮ್ಲ ಮಳೆ ಮೀನನ್ನು ಸುಡುವುದಿಲ್ಲ

ಮುಂಗಾರು ಶುರುವಾದರೆ ಸಾಕು, ಆಮ್ಲ ಮಳೆಯ, ಅಂದರೆ ಹೊಗೆಯಲ್ಲಿನ ಗಂಧಕದಂಥವು ಸೇರಿ ಹುಳಿಯಾದ ಮಳೆಯ, ಪ್ರಶ್ನೆಗಳು ಬರುತ್ತವೆ. ಹೆಚ್ಚಿನವರಿಗೆ ಕೂದಲಿನದೇ ಚಿಂತೆ. ಕಾಡು, ಕೆರೆ, ಮಣ್ಣಿನ ಬಗ್ಗೆ ಕೇಳುವವರು ಅಪರೂಪ. ನನಗೆ ಬೇಸರವಾಗುವುದು ಅದಕ್ಕೇ. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಉಳಿದದ್ದು ಶಾಲೆಯ ಪುಸ್ತಕದಲ್ಲಿದೆ.

ಪ್ರಶ್ನೆ: ಮಳೆಯಲ್ಲಿ ನೆನೆದರೆ ಚರ್ಮ ಸುಡುತ್ತದೆ, ಕೂದಲು ಉದುರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಸುಳ್ಳು. ನಿಂಬೆರಸ ಆ ಮಳೆಗಿಂತ ಎಷ್ಟೋ ಪಟ್ಟು ಹುಳಿ. ಸಂದೇಶ ಅಳಿಸಿ, ಇನ್ನೊಬ್ಬರಿಗೆ ಕಳಿಸಬೇಡಿ.

ಪ್ರಶ್ನೆ: ಬೆಳ್ಳಂದೂರು ಕೆರೆಯ ನೊರೆಗೆ ಆಮ್ಲ ಮಳೆಯೇ ಕಾರಣ ಅಲ್ವಾ?

ಅಲ್ಲ. ಅದು ಚರಂಡಿ ನೀರು, ಸೋಪಿನ ನೊರೆ.

ಪ್ರಶ್ನೆ: ಚರ್ಮವನ್ನೇ ಸುಡದ ಮಳೆ ಇಡೀ ಕೆರೆಯ ಮೀನನ್ನು ಹೇಗೆ ಕೊಲ್ಲುತ್ತದೆ? ಹೊರದೇಶದ ಅಂಥ ಕೆರೆಗಳ ಫೋಟೊ ನೋಡಿದೆ, ನೀರು ಕನ್ನಡಿಯ ಹಾಗಿದೆ.

ಇದು ಕೇಳಬೇಕಾದ ಪ್ರಶ್ನೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಿವೆ. ಅವುಗಳಲ್ಲಿ 223ನೇ ನಂಬರಿನ ಕೆರೆಗೆ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು 1976ರಿಂದ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸುತ್ತಾ ಹೋದರು. ಎಂಟು ವರ್ಷದಲ್ಲಿ ಪಿಎಚ್ 6.8ರಿಂದ 5ರ ಹತ್ತಿರಕ್ಕೆ ಇಳಿಯಿತು. ಇನ್ನೂ 6ರ ಆಸುಪಾಸಿನಲ್ಲಿ ಇದ್ದಾಗಲೇ ಒಂದು ಜಾತಿಯ ಪುಟ್ಟ ಸಿಗಡಿ ಮಾಯವಾಯಿತು. ಆಮೇಲೆ ಒಂದು ಜಾತಿಯ ಸಣ್ಣ ಮೀನು ಮರಿ ಮಾಡುವುದನ್ನೇ ನಿಲ್ಲಿಸಿತು. ಏಡಿಯ ನೆಂಟನಾದ ಕ್ರೇಫಿಷ್‌ನ ಚಿಪ್ಪು ಗಟ್ಟಿಯಾಗಲಿಲ್ಲ. ದೊಡ್ಡ ಟ್ರೌಟ್ ಮೀನುಗಳು ಮಾತ್ರ ಬದುಕಿದ್ದವು, ಆದರೆ ಅವು ತಿನ್ನುತ್ತಿದ್ದದ್ದೆಲ್ಲ ಹೋಗಿಬಿಟ್ಟಿತ್ತು. ಹಸಿವಿನಿಂದ ಸೊರಗಿ ಕಡ್ಡಿಯಾದವು, ಅವುಗಳ ಮರಿಗಳೂ ಉಳಿಯಲಿಲ್ಲ. ಅಲ್ಲಿ ಯಾವುದೂ ಸುಡಲಿಲ್ಲ.

ಇದು ನೀರಿನೊಳಗಿನ ಕಥೆ. ಅರ್ಧ ಹಾನಿ ದಡದಾಚೆಯ ಮಣ್ಣಿನಲ್ಲಿ ಆಗುತ್ತದೆ, ಇದನ್ನು ಯಾರೂ ಕೇಳುವುದಿಲ್ಲ. ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇಕಾದಷ್ಟಿದೆ. ಕಲ್ಲು, ಜೇಡಿಯಲ್ಲಿ ಕಟ್ಟಿಕೊಂಡು ಸುಮ್ನೆ ಇರುತ್ತದೆ. ಹುಳಿ ಮಳೆ ಬೀಳುತ್ತಲೇ ಇದ್ದರೆ ಮೊದಲು ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗುತ್ತವೆ, ಹುಳಿ ತಡೆಯುವ ಅವು ಮುಗಿದ ಮೇಲೆ ಅಲ್ಯೂಮಿನಿಯಂ ಕರಗಿ ಹೊಳೆಗೆ ಇಳಿಯುತ್ತದೆ. ಮೀನಿನ ಕಿವಿರಿಗೆ ಅಂಟಿಕೊಳ್ಳುತ್ತದೆ. ಉಸಿರು ಕಟ್ಟುತ್ತದೆ, ಮೈಯೊಳಗಿನ ಉಪ್ಪು ಸೋರುತ್ತದೆ. ದಕ್ಷಿಣ ನಾರ್ವೆಯ ಎಷ್ಟೋ ನದಿಗಳಲ್ಲಿ ಸಾಲ್ಮನ್ ಹೀಗೆ ಇಲ್ಲವಾಯಿತು. ಅಲ್ಲಿನ ನೆಲ ಗ್ರಾನೈಟ್, ಸುಣ್ಣದ ಅಂಶ ಕಡಿಮೆ. ಹೊಗೆ ಬಹುಪಾಲು ಬಂದದ್ದು ಬ್ರಿಟನ್ ಮತ್ತು ಯುರೋಪಿನ ಬೇರೆ ದೇಶಗಳಿಂದ! ಚಳಿಗಾಲವಿಡೀ ಹಿಮದಲ್ಲಿ ಕೂಡಿಟ್ಟ ಹುಳಿ ವಸಂತದಲ್ಲಿ ಒಟ್ಟಿಗೇ ಕರಗಿ ಬರುತ್ತದೆ, ಸರಿಯಾಗಿ ಮರಿಗಳು ತೀರಾ ಎಳೆಯದಾಗಿರುವ ಹೊತ್ತಿಗೆ.

ನಿಮ್ಮ ಫೋಟೊದ ತಿಳಿನೀರಿಗೂ ಇದೇ ಕಾರಣ. ಕೊಳೆತ ಎಲೆಯಿಂದ ನೀರಿಗೆ ಬರುವ ಕಂದು ಬಣ್ಣದ ಅಂಶ ಅಲ್ಯೂಮಿನಿಯಂ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಅಂಥ ನೀರನ್ನು ನೋಡಿ ಶುದ್ಧ ಅನ್ನಬೇಡಿ.

ಹೊಗೆ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಒಂದು ಮಾತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ವಿಜ್ಞಾನಿ ಜೀನ್ ಲೈಕೆನ್ಸ್ ಮತ್ತು ಸಂಗಡಿಗರು 1963ರಿಂದ ಮಳೆನೀರಿನ ಹುಳಿ ಅಳೆದರು. 1990ರ ಕಾನೂನು ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಮಿತಿ ಹಾಕಿತು, ಮಳೆ ಸುಧಾರಿಸಿತು. ಕಳೆದುಕೊಂಡ ಕ್ಯಾಲ್ಸಿಯಂ ಮಾತ್ರ ಮಣ್ಣಿಗೆ ತಾನಾಗಿ ಮರಳಲಿಲ್ಲ. ಅದಕ್ಕೇ 1999ರಲ್ಲಿ ಆ ಕಾಡಿನ ಒಂದು ಭಾಗಕ್ಕೆ ಹೆಲಿಕಾಪ್ಟರ್‌ನಿಂದ ಕ್ಯಾಲ್ಸಿಯಂ ಇರುವ ಖನಿಜದ ಗುಳಿಗೆ ಉದುರಿಸಿದರು. ಅಲ್ಲಿನ ಮೇಪಲ್ ಮರಗಳು ಚೇತರಿಸಿಕೊಂಡವು. ಆದರೆ ಎಷ್ಟು ಕಾಡಿಗೆ ಅಂತ ಹೆಲಿಕಾಪ್ಟರ್ ಕಳಿಸುತ್ತೀರಿ?

ಪ್ರಶ್ನೆ: ಶೃಂಗೇರಿ ಕಡೆ ನಮ್ಮ ತೋಟ. ಅಡಿಕೆ ಗರಿ ಹಳದಿಯಾಗುತ್ತಿದೆ. ಆಮ್ಲ ಮಳೆ ಅಂತ ಒಬ್ಬರು ಬಾಟಲಿ ಔಷಧ ಕೊಟ್ಟರು. ಇನ್ನೂ ತರಲಾ?

ದಯವಿಟ್ಟು ತರಬೇಡಿ. ರೈತರ ಭಯವನ್ನು ಬಾಟಲಿಗೆ ತುಂಬಿ ಮಾರುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು. ಹಳದಿ ಎಲೆ ರೋಗದ ಹಿಂದೆ ಇರುವುದು ಫೈಟೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ, ಎಲೆಚುಕ್ಕೆ ರೋಗದ ಹಿಂದೆ ಶಿಲೀಂಧ್ರ. ಎರಡಕ್ಕೂ ಮಳೆಯ ಹುಳಿ ಕಾರಣವಲ್ಲ. ಮಲೆನಾಡಿನ ಮಣ್ಣು ಹುಳಿ ಅನ್ನುವುದು ನಿಜ, ಆದರೆ ಅದು ಕಾರ್ಖಾನೆಗಳು ಬರುವುದಕ್ಕೂ ಎಷ್ಟೋ ಮೊದಲಿನಿಂದ ಸುರಿದ ಜೋರು ಮಳೆ ಸುಣ್ಣದ ಅಂಶ ತೊಳೆದುಕೊಂಡು ಹೋದದ್ದರಿಂದ. ಕೃಷಿ ಸುಣ್ಣ ಬೇಕಾಗಬಹುದು. ಎಷ್ಟು ಅಂತ ನಾನು ಹೇಳುವುದಿಲ್ಲ, ಜಾಸ್ತಿಯಾದರೆ ಸತು, ಬೋರಾನ್ ಗಿಡಕ್ಕೆ ಸಿಗದೆ ಹೋಗುತ್ತವೆ. ಗರಿಯ ಫೋಟೊ ಕಳಿಸಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ವರದಿ ಕೈಗೆ ಬಂದ ಮೇಲೆ ಬರೆಯಿರಿ.