ಒಂದು ಲಿಸ್ಪ್‌ನ ಹೊಟ್ಟೆಯಲ್ಲಿ ಇನ್ನೊಂದು

ಪ್ರಶ್ನೆ: ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಸೆಟ್ಟಿಂಗನ್ನು (ಅದರ ಭಾಷೆ ಈಮ್ಯಾಕ್ಸ್ ಲಿಸ್ಪ್) ಗೈಲ್ ಸ್ಕೀಮ್ ಎಂಬ ಇನ್ನೊಂದು ಲಿಸ್ಪ್ ಭಾಷೆಯ ಫೈಲಿನೊಳಗೇ ಬರೆದು, ಅದರಿಂದ ಇನಿಟ್ ಫೈಲ್ (ಈಮ್ಯಾಕ್ಸ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ತಯಾರಿಸುತ್ತೇನೆ ಸರ್. ಎಫ್5 ಕೀಲಿಯ ಸಾಲಿಗೆ ಬಂದಾಗ ಎರರ್ ಬಂದು ನಿಲ್ಲುತ್ತದೆ. ಯಾಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಗರದ ಮನೆಯಲ್ಲಿ ಒಂದು ಮಳೆಗಾಲದ ರಾತ್ರಿ, ಕರೆಂಟ್ ಹೋಗಿ ಲ್ಯಾಪ್‌ಟಾಪಿನ ಚಾರ್ಜ್ ಮುಗಿಯುವವರೆಗೂ ನಾನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ. ಈಮ್ಯಾಕ್ಸ್ ಲಿಸ್ಪ್‌ನಲ್ಲಿ ಚೌಕ ಆವರಣ ಅಂದ್ರೆ ವೆಕ್ಟರ್, ಮೌಲ್ಯಗಳ ಒಂದು ಸಾಲು. ಗೈಲ್‌ಗೆ ಅದೂ ಸುಮ್ನೆ ದುಂಡು ಆವರಣದ ಹಾಗೇ. ಹಾಗಾಗಿ [ಎಫ್5] ಅಂತ ಒಳಗೆ ಹೋದದ್ದು (ಎಫ್5) ಆಗಿ ಹೊರಬರುತ್ತದೆ. ಈಮ್ಯಾಕ್ಸ್ ಅದನ್ನು ಫಂಕ್ಷನ್ ಅಂದುಕೊಂಡು ಹುಡುಕುತ್ತದೆ, ಸಿಗಬೇಕಲ್ವಾ? ಇನಿಟ್ ಫೈಲನ್ನೇ ತೆರೆದು ನೋಡಿ, ಕಾಣುತ್ತದೆ. ಕೀಲಿಯನ್ನು ಕೆಬಿಡಿ (kbd) ಎಂಬ, ಕೀಲಿಯ ಹೆಸರು ಓದುವ ಈಮ್ಯಾಕ್ಸ್ ಫಂಕ್ಷನ್ನಿಗೆ "<ಎಫ್5>" ಎಂದು ಸ್ಟ್ರಿಂಗ್ ಆಗಿ ಕೊಡಿ. ಹಾಗೇ, ಸುಳ್ಳು ಎನ್ನಲು ಈಮ್ಯಾಕ್ಸ್ ಲಿಸ್ಪಿನ ನಿಲ್ (nil) ಅಂತಲೇ ಬರೆಯಿರಿ. ಸುಳ್ಳಿಗೆ ಸ್ಕೀಮ್ ಬಳಸುವ ಹ್ಯಾಶ್-ಎಫ್ (#f) ಈಮ್ಯಾಕ್ಸ್‌ಗೆ ಓದಲೂ ಬರುವುದಿಲ್ಲ. ಸೆಟ್ಟಿಂಗ್ ಜಾಸ್ತಿ ಇದ್ದರೆ ಬೇರೆ ಫೈಲಿನಲ್ಲೇ ಇಟ್ಟುಬಿಡಿ. ನಾನು ಈಗ ಹಾಗೇ ಮಾಡಿದ್ದೇನೆ.